ಹನ್ನೊಂದು ಬುಧವಾರ

ಬುಧವಾರ ಬಂತೆಂದರೆ ದಸ್ತಗೀರನಿಗೆ ತನ್ನ ಎಡಗೈಯನ್ನು ಎಲ್ಲಿಡಬೇಕೆಂದು ತಿಳಿಯುತ್ತಿರಲಿಲ್ಲ. ಬೇರೆ ದಿನಗಳಲ್ಲಿ ಅದಕ್ಕೆ ಪುರುಸೊತ್ತಿರಲಿಲ್ಲ. ಸೀಸೆ ಹಿಡಿಯುವುದು, ಹುಣ್ಣಿನ ಪಟ್ಟಿ ಬಿಚ್ಚುವಾಗ ಒದೆಯುವ ಕಾಲನ್ನು ಅಮುಕುವುದು, ಕೂಸಿನ ಗಲ್ಲ ಹಿಡಿದು ಬಾಯಿ ತೆರೆಸುವುದು, ಎಲ್ಲವೂ ಅದರದೇ ಕೆಲಸ. ಬುಧವಾರ ಹತ್ತೂವರೆಗೆ ಮಳವಳ್ಳಿ ಕಡೆಯ, ಪೆಟ್ರೋಲಿಲ್ಲದೆ ಇದ್ದಿಲ ಹೊಗೆಯಲ್ಲಿ ಓಡುವ ಬಸ್ಸು ಕೆಮ್ಮುತ್ತ ಬಂದು ನಿಂತು, ಬೆಳಕವಾಡಿ ಗುಡಿಯ ಅರ್ಚಕ ಪಾರ್ಥಸಾರಥಿ ಆಚಾರ್ಯರು ಒಳಕೋಣೆಯ ಸ್ಟೂಲಿನ ಮೇಲೆ ಕೂತರೆ ಮಾತ್ರ ಆ ಕೈ ಕರೆಯದ ಮನೆಗೆ ಊಟಕ್ಕೆ ಹೋದವನ ಹಾಗಾಗುತ್ತಿತ್ತು. ಒಮ್ಮೆ ಜೇಬಿಗೆ ಹೋಗುತ್ತಿತ್ತು, ಒಮ್ಮೆ ಬೆನ್ನ ಹಿಂದಕ್ಕೆ. ಕೊನೆಗೆ ತನ್ನದೇ ಅಂಗಿಯ ಗುಂಡಿಯನ್ನು ತಿರುವುತ್ತ ನಿಂತುಬಿಡುತ್ತಿತ್ತು. ಇವತ್ತು ಹನ್ನೆರಡನೆಯ ಬುಧವಾರ. ಬಸ್ಸಿನ್ನೂ ಬಂದಿರಲಿಲ್ಲ. ದಸ್ತಗೀರ ಮದ್ದು ಅರೆಯುವ ಕಲ್ಲನ್ನು ಎರಡನೆಯ ಸಲ ತೊಳೆಯುತ್ತಿದ್ದ.

ಮದ್ದೂರಿನ ಪೇಟೆಬೀದಿಯಲ್ಲಿ ಶ್ಯಾಮಣ್ಣ ಡಾಕ್ಟರ ದವಾಖಾನೆಗೆ ಅವನು ಕಾಂಪೌಂಡರಾಗಿ ಸೇರಿ ಒಂಬತ್ತು ವರ್ಷವಾಗಿತ್ತು. ಅದರಲ್ಲಿ ಐದು ವರ್ಷ ಯುದ್ಧದ ಕಾಲದಲ್ಲೇ ಕಳೆದಿತ್ತು. ಔಷಧಿ ಕಮ್ಮಿ, ಕಾಯಿಲೆ ಜಾಸ್ತಿ. ಆಚಾರ್ಯರ ಕಾಯಿಲೆಯ ಹೆಸರನ್ನು ಡಾಕ್ಟರು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ರಿಜಿಸ್ಟರಿನಲ್ಲಿ ‘ನರ’ ಎಂದು ಬರೆಸಿದ್ದರು. ವಯಸ್ಸಿನಲ್ಲಿ ಎಲ್ಲೋ ಹೆಣ್ಣಿನ ಸಹವಾಸದಿಂದ ಹತ್ತಿದ ಮೇಹ ಇಪ್ಪತ್ತೈದು ವರ್ಷ ರಕ್ತದೊಳಗೆ ತೆಪ್ಪಗೆ ಮಲಗಿದ್ದು, ಈಗ ಎದ್ದು ಬೆನ್ನುಹುರಿಗೆ ಏರಿತ್ತು. ಹಾಗೇ ಬಿಟ್ಟರೆ ಮೊದಲು ಕಾಲು ಹೋಗುತ್ತದೆ, ಆಮೇಲೆ ಬುದ್ಧಿ. ಅದಕ್ಕೆ ಇದ್ದದ್ದು ಒಂದೇ, ಸೋಮಲವೆಂಬ ಪಾಷಾಣ ಬೆರೆಸಿದ ಸೂಜಿಮದ್ದು, ವಾರಕ್ಕೊಂದು, ತಿಂಗಳುಗಟ್ಟಲೆ. ಆ ಮದ್ದು ನರವನ್ನು ಉಳಿಸುತ್ತಲೇ ಕೆಲವರ ಕಣ್ಣನ್ನು ತಿನ್ನುತ್ತದೆಂದು ಡಾಕ್ಟರು ಮೊದಲ ದಿನವೇ ಬಾಗಿಲು ಹಾಕಿ ಹೇಳಿದ್ದರು. ‘ಎದುರಿಗೆ ಕಾಣೋದನ್ನ ಅದು ಮುಟ್ಟೋಲ್ಲ ಕಣೋ. ಪಕ್ಕದಿಂದ ತಿಂತಾ ಬರತ್ತೆ. ರೋಗಿಗೇ ಗೊತ್ತಾಗೋಲ್ಲ. ನೀನು ಪ್ರತಿ ಸಲ ನೋಡಬೇಕು. ಮೊದಲು ಕಣ್ಣು, ಆಮೇಲೆ ಸೂಜಿ. ಪಕ್ಕದ ನೋಟ ಒಂದು ಬೆರಳಷ್ಟು ಕಮ್ಮಿಯಾದರೂ ಆವತ್ತಿಗೆ ನಿಲ್ಲಿಸಬೇಕು.’ ನೋಡುವ ಬಗೆಯನ್ನೂ ಕಲಿಸಿದ್ದರು. ರೋಗಿ ಒಂದು ಕಣ್ಣು ಮುಚ್ಚಿ ಇನ್ನೊಂದರಿಂದ ದಸ್ತಗೀರನ ಮೂಗಿನ ತುದಿಯನ್ನೇ ನೋಡಬೇಕು. ದಸ್ತಗೀರ ಬಿಳಿ ಮಣಿ ಸಿಕ್ಕಿಸಿದ ಒಂದು ಸೈಕಲ್ ಕಡ್ಡಿಯನ್ನು ರೋಗಿಯ ಕಿವಿಯ ಹಿಂದಿನಿಂದ ಮೆಲ್ಲಗೆ ಮುಂದಕ್ಕೆ ತರಬೇಕು. ಮಣಿ ಕಂಡ ಕೂಡಲೆ ರೋಗಿ ಹೂಂ ಅನ್ನಬೇಕು. ಇಷ್ಟೂ ಹೊತ್ತು ಅವನ ಎಡ ಅಂಗೈ ರೋಗಿಯ ಹಣೆಯನ್ನು ಒತ್ತಿ ಹಿಡಿದಿರಬೇಕು. ‘ತಲೆ ನಿನ್ನ ಕೈಲಿರಬೇಕು,’ ಅಂದಿದ್ದರು ಡಾಕ್ಟರು. ‘ತಲೆ ಬಿಟ್ಟರೆ ಪರೀಕ್ಷೆ ಬಿಟ್ಟ ಹಾಗೆ.’

ಮೊದಲ ಬುಧವಾರ ಹಿಡಿದಿದ್ದ. ಆಚಾರ್ಯರು ಏನೂ ಅಂದಿರಲಿಲ್ಲ. ಬೆನ್ನನ್ನು ಸ್ವಲ್ಪ ಸೆಟೆಸಿಕೊಂಡು ಕಡೆಯವರೆಗೂ ಕೂತಿದ್ದರು. ಎರಡು ಕಣ್ಣೂ ಚೊಕ್ಕವಾಗಿದ್ದವು, ಮಣಿ ಕಿವಿ ದಾಟಿದ ಕೂಡಲೆ ಹೂಂ ಬರುತ್ತಿತ್ತು. ಕೈ ತೆಗೆದಾಗ ಅವರ ಹಣೆಯ ಅಂಗಾರದ ಗೆರೆ ದಸ್ತಗೀರನ ಅಂಗೈಯಲ್ಲಿ ಕಪ್ಪಗೆ ಅಂಟಿಕೊಂಡಿತ್ತು. ಅವರು ಎದ್ದು, ಸರಿಯಾಗಿ ಎತ್ತಲಾರದ ಕಾಲುಗಳನ್ನು ಎಳೆದುಕೊಂಡು ಹಿತ್ತಲಿಗೆ ಹೋಗಿ, ಬಾವಿಕಟ್ಟೆಯ ಮೇಲೆ ಉಟ್ಟ ಪಂಚೆಯಲ್ಲೇ ಮೂರು ಬಿಂದಿಗೆ ನೀರು ಸುರಿದುಕೊಂಡರು. ಮಾಗಿಯ ಚಳಿ. ಒದ್ದೆಬಟ್ಟೆಯಲ್ಲೇ ನಡುಗುತ್ತ ಬಂದು ಡಾಕ್ಟರ ಸೂಜಿಗೆ ತೋಳು ಕೊಟ್ಟರು. ಅವರ ಮುಖದಲ್ಲಿ ಕೋಪವಾಗಲಿ ಅಸಹ್ಯವಾಗಲಿ ಇರಲಿಲ್ಲ, ಮಳೆಗೆ ಸಿಕ್ಕಿ ಬಂದವರ ಹಾಗಿದ್ದರು. ದಸ್ತಗೀರನಿಗೆ ಅದೇ ತಡೆಯಲಾಗಲಿಲ್ಲ. ಕೋಪವಿದ್ದಿದ್ದರೆ ತಿರುಗಿಸಿ ಕೋಪ ಮಾಡಿಕೊಳ್ಳಬಹುದಿತ್ತು. ಅವರು ಹೋದ ಮೇಲೆ ಔಷಧಿ ಕೋಣೆಯ ಮೂಲೆಯಲ್ಲಿ ನಿಂತು ತನ್ನ ಅಂಗೈಯನ್ನು ಮೂಗಿನ ಹತ್ತಿರ ತಂದು ಮೂಸಿ ನೋಡಿದ. ಫಿನೈಲು, ಸ್ವಲ್ಪ ಇದ್ದಿಲು. ಮೂವತ್ತಾರು ವರ್ಷದಲ್ಲಿ ಮೊದಲ ಸಲ ತನ್ನ ಕೈಯನ್ನು ಬೇರೆ ಯಾರದೋ ಕೈ ಎಂಬಂತೆ ಮೂಸಿದ್ದ. ಯಾರೂ ನೋಡಿರಲಿಲ್ಲ, ಆದರೂ ಕಿವಿ ಬಿಸಿಯಾಗಿತ್ತು.

ಎರಡನೆಯ ವಾರ ಆಚಾರ್ಯರೇ ಮೆತ್ತಗೆ ಕೇಳಿದರು. ‘ದಸ್ತಗೀರ್, ದೂರದಿಂದಲೇ ಆಗೋಲ್ಲವೇನಯ್ಯ? ತಪ್ಪು ತಿಳೀಬೇಡ. ಒದ್ದೆಬಟ್ಟೇಲಿ ಬಸ್ಸಿನಲ್ಲಿ ಕೂತರೆ ಪಕ್ಕದವರು ಎದ್ದು ಹೋಗ್ತಾರೆ, ಊರಿಗೆ ಹೋದರೆ ಸಂಜೆ ಪೂಜೆ ಇರತ್ತೆ.’ ಅವನು ‘ಆಯ್ತದೆ ಬುಡಿ ಆಚಾರ್ರೆ’ ಅಂದುಬಿಟ್ಟ. ಅಷ್ಟು ಬೇಗ ಅಂದಿದ್ದು ಯಾಕೆಂದು ಅವನು ಆಮೇಲೆ ಬೇಕಾದಷ್ಟು ಸಲ ಕೇಳಿಕೊಂಡ. ಚಳಿಯಲ್ಲಿ ನಡುಗಿದ ಮುದಿ ಮೈಯ ಮೇಲಿನ ಮರುಕ ಎಂದು ಒಂದೊಂದು ದಿನ ಒಪ್ಪಿಗೆಯಾಗುತ್ತಿತ್ತು. ಒಂದೊಂದು ದಿನ, ರಾಗಿಮುದ್ದೆ ಗಂಟಲಲ್ಲಿ ಸಿಕ್ಕಿದ ಹಾಗೆ, ಬೇರೆ ಉತ್ತರ ಬರುತ್ತಿತ್ತು: ನನ್ನ ಕೈ ಬೇಡ ತಾನೆ, ಹಾಗಾದರೆ ಬೇಡ. ಅಂದಿನಿಂದ ಅವನು ಎರಡು ಮಾರು ದೂರ ನಿಂತು, ಕಡ್ಡಿಗೆ ಒಂದು ಬಿದಿರ ಕೋಲು ಕಟ್ಟಿ ಉದ್ದ ಮಾಡಿ, ದೋಟಿಯಲ್ಲಿ ಸೀಬೆಹಣ್ಣು ಕೀಳುವವನಂತೆ ಆಚಾರ್ಯರ ಕಿವಿಯ ಪಕ್ಕ ಆಡಿಸಿ ಮುಗಿಸುತ್ತಿದ್ದ. ಅವರು ಹೂಂ ಅನ್ನುತ್ತಿದ್ದರು. ರಿಜಿಸ್ಟರಿನಲ್ಲಿ ಅವನು ‘ಕಣ್ಣು ಸರಿ’ ಎಂದು ಬರೆಯುತ್ತಿದ್ದ. ಆಚಾರ್ಯರು ಬಾಗಿಲಲ್ಲಿ ಮಡಿಗೆಂದು ಜನರನ್ನು ದೂರ ಸರಿಸಲು ಹೇಳುವ ‘ಸರಿ, ಸರಿ’ಯೂ ತನ್ನ ‘ಸರಿ’ಯೂ ಒಂದೇ ಎಂದು ಒಮ್ಮೆ ಅವನಿಗೇ ನಗು ಬಂದಿತ್ತು. ಬರೆಯುವಾಗ ಕೈ ತಡೆದಿರಲಿಲ್ಲ.

ಬಸ್ಸು ಬಂತು. ಆಚಾರ್ಯರು ಒಬ್ಬರೇ ಇರಲಿಲ್ಲ. ಅವರ ಮೇಲುವಸ್ತ್ರದ ತುದಿ ಹಿಡಿದುಕೊಂಡು, ಕೆಂಪು ಸೀರೆಯ ಒಬ್ಬ ತೆಳ್ಳಗಿನ ಹೆಂಗಸು ಮೆಟ್ಟಿಲು ಹತ್ತಿ ಬಂದರು. ಅವರ ಹೆಂಡತಿ ಗೋದಮ್ಮ. ಆಚಾರ್ಯರೇ ಹಿಂದೊಮ್ಮೆ ಮಾತಿಗೆ ಹೇಳಿದ್ದರು, ಮನೆಯಲ್ಲಿ ಕಾಯಿಲೆಯ ವಿಷಯ ಗೊತ್ತಿಲ್ಲ, ವಾರವಾರ ಕಣ್ಣು ತೋರಿಸೋಕೆ ಹೋಗ್ತೀನಿ ಅಂದಿದ್ದೀನಿ ಅಂತ. ಡಾಕ್ಟರು ಆಚಾರ್ಯರನ್ನು ಮುಂದಿನ ಕೋಣೆಗೆ ಕರೆದು ಮಂಡಿ ತಟ್ಟಿ ನೋಡತೊಡಗಿದರು. ಗೋದಮ್ಮ ಜಗಲಿಯ ಬೆಂಚಿನ ಒಂದು ಕೊನೆಗೆ ಕೂತರು. ದಸ್ತಗೀರ ಸೂಜಿ ಕುದಿಸಲು ಒಲೆ ಹೊತ್ತಿಸುತ್ತಿದ್ದ.

‘ನೀನೇ ಏನಪ್ಪ ಇವರ ಕಣ್ಣು ನೋಡೋನು?’

‘ಹೂಂ ಅಮ್ಮಾವ್ರೆ.’

‘ಕೇಳ್ತೀನಿ ಅಂತ ಬೇಜಾರು ಮಾಡ್ಕೋಬೇಡ. ಕಣ್ಣಿಗೆ ಔಷಧಿ ಶುರು ಮಾಡಿದ ಮೇಲೇ ಕಣ್ಣು ಕೆಟ್ಟಿತಲ್ಲ, ಅದು ಹೇಗೆ? ಮೊದಲು ಇವರ ಕಣ್ಣಿಗೆ ಏನಾಗಿತ್ತು ಅನ್ನೋದೇ ನನಗೆ ತಿಳೀಲಿಲ್ಲ. ಸಾಸಿವೆಯಲ್ಲಿ ಕಲ್ಲು ಆರಿಸಿಕೊಡ್ತಿದ್ದರು.’

ದಸ್ತಗೀರನ ಕೈಯಲ್ಲಿ ಬೆಂಕಿಕಡ್ಡಿ ಉರಿದು ಉಗುರಿಗೆ ತಾಕಿತು. ‘ಈಗ ಏನಾಗ್ತದೆ ಅಮ್ಮಾವ್ರೆ?’

‘ಎದುರಿಗಿರೋದೆಲ್ಲ ಕಾಣತ್ತೆ. ಪಂಚಾಂಗ ಓದ್ತಾರೆ. ಪಕ್ಕದಲ್ಲಿರೋದು ಇಲ್ಲವೇ ಇಲ್ಲ. ಊಟಕ್ಕೆ ಕೂತರೆ ಎಲೆಯ ತುದಿಯ ಪಲ್ಯ ಹಾಗೇ ಉಳಿದಿರತ್ತೆ. ಬಾಗಿಲ ತೋಳಿಗೆ ದಿನಾ ಭುಜ ಹೊಡ್ಕೋತಾರೆ. ಗುಡೀಲಿ ತೀರ್ಥಕ್ಕೆ ಸಾಲಾಗಿ ಕೈಯೊಡ್ಡಿರ್ತಾರಲ್ಲ, ಎದುರಿನವರಿಗೆ ಕೊಟ್ಟು, ಪಕ್ಕದವರನ್ನ ಬಿಟ್ಟು, ಅತ್ತ ಕಡೆ ನೆಲಕ್ಕೆ ಹುಯ್ದುಬಿಡ್ತಾರೆ. ಮೊನ್ನೆ ನಮ್ಮೂರ ಸಣ್ಣತಾಯಮ್ಮ ನನ್ನನ್ನ ಹಿಡಿದು ಕೇಳಿದಳು,’ ಎಂದು ಗೋದಮ್ಮ ಆ ದಣಿವಿನಲ್ಲೂ ಆ ಹೆಂಗಸಿನ ಗಂಟಲು ತಂದುಕೊಂಡರು, ‘“ಅಯ್ನೋರ್ಗೆ ನಮ್ ಮ್ಯಾಲೆ ಏನ್ ಕ್ವಾಪನೋ ಕಾಣೆ ಕಣವ್ವ, ಸಾಲ್ನಾಗೆ ನಿಂತ್ರೂ ನಮ್ಮುನ್ ಬುಟ್ ಬುಟ್ ಓಯ್ತಾರೆ” ಅಂತ. ನಾನೇನು ಹೇಳಲಿ? ಕೋಪ ಅಲ್ಲ ಕಣೆ, ಕಾಣ್ತಿಲ್ಲ ಅಂತ ಹೇಳಿದರೆ ಪೂಜೆ ತಪ್ಪಿಸ್ತಾರೆ.’

ಒಲೆಯ ಮೇಲೆ ನೀರು ಸಣ್ಣಗೆ ಸದ್ದು ಮಾಡಲು ಶುರುಮಾಡಿತು. ಗೋದಮ್ಮ ಉತ್ತರಕ್ಕೆ ಕಾಯುತ್ತಿದ್ದರು, ಅವನಿಗೆ ತನ್ನ ಮನೆಯ ನಡುಮನೆ ಕಾಣುತ್ತಿತ್ತು. ಯಾರನ್ನಾದರೂ ಅನುಕರಿಸಿ ಹೆಂಡತಿ ಹಾಜಿರಾ ಬೀಯನ್ನು ನಗಿಸುವುದು ಅವನ ಒಂದೇ ಶೋಕಿ. ಸ್ಟೇಷನ್ ಮಾಸ್ತರು, ಅಮಲ್ದಾರರು, ಮೂಗಿನಲ್ಲಿ ಮಾತಾಡುವ ಶ್ಯಾಮಣ್ಣ ಡಾಕ್ಟರು, ಎಲ್ಲರೂ ಆ ಚಾಪೆಯ ಮೇಲೆ ಬಂದು ಹೋಗುತ್ತಿದ್ದರು. ಈ ಚಳಿಗಾಲದಲ್ಲಿ ಆಚಾರ್ಯರ ಸರದಿ. ಮೊದಮೊದಲು ಬರೀ ಮಾತಿತ್ತು, ‘ದೂರದಿಂದಲೇ ಆಗೋಲ್ಲವೇನಯ್ಯ’ ಎಂಬ ಆ ಜೇನಿನಂಥ ಎಳೆತ. ಆಮೇಲೆ ಒಂದು ದಿನ, ಯಾವಾಗ ಎಂದು ಅವನಿಗೆ ನೆನಪಿಲ್ಲ, ಒಂದು ತಲೆಯ ತಿರುಗುವಿಕೆ ಅದಕ್ಕೆ ಸೇರಿಕೊಂಡಿತು. ಪಕ್ಕದಲ್ಲಿ ಯಾರಾದರೂ ಮಾತಾಡಿಸಿದರೆ ಕಣ್ಣು ಹೊರಳಿಸದೆ, ಕೊಕ್ಕರೆಯ ಹಾಗೆ ಕತ್ತನ್ನೇ ಪೂರ್ತಿ ತಿರುಗಿಸಿ ನೋಡುವುದು. ಹಾಜಿರಾ ಬಿದ್ದು ಬಿದ್ದು ನಕ್ಕಿದ್ದಳು. ನಗು ನಿಂತ ಮೇಲೆ ಕೇಳಿದ್ದಳು, ‘ಪಾಪ, ಅವರು ಯಾಕೆ ಹಾಗೆ ತಿರುಗ್ತಾರೆ?’ ‘ಜಂಬ,’ ಅಂದಿದ್ದ ದಸ್ತಗೀರ. ‘ನಮ್ಮಂಥವರ ಕಡೆ ಕಣ್ಣು ಹೊರಳಿಸಿದರೆ ಕಣ್ಣಿಗೆ ಮೈಲಿಗೆ.’ ಅವಳು ಮತ್ತೆ ನಕ್ಕಿದ್ದಳು, ಮೊದಲಿನಷ್ಟಲ್ಲ. ಅದು ಮೂರು ವಾರದ ಹಿಂದೆ, ಇರಬಹುದು ನಾಲ್ಕು. ಅಂದರೆ ಕೋಲು ಹಿಡಿದು ಎರಡು ಮಾರು ದೂರ ನಿಂತಾಗ ಅವರ ತಲೆ ಮಣಿಯ ಕಡೆಗೆ ತಿರುಗುತ್ತಿದ್ದುದನ್ನು ಅವನು ಕಂಡಿದ್ದ. ಕತ್ತು ಕಂಡಿತ್ತು, ಭುಜ ಕಂಡಿತ್ತು, ಅವನ ಮೈಯೇ ಅದನ್ನು ಕಲಿತುಕೊಂಡು ಮನೆಗೆ ಹೋಗಿ ಆಡಿ ತೋರಿಸಿತ್ತು. ಕಾಣಲಿಲ್ಲ ಎಂದು ಹೇಗೆ ಹೇಳುವುದು? ಕಂಡದ್ದನ್ನು ಜಂಬ ಎಂದು ಕರೆದಿದ್ದ, ಅಷ್ಟೆ. ಬೆಳಕವಾಡಿಯ ಸಣ್ಣತಾಯಮ್ಮ ಕೋಪ ಅಂದ ಹಾಗೆ. ಅವಳಿಗಾದರೂ ಕಣ್ಣು ನೋಡುವ ಕೆಲಸವಿರಲಿಲ್ಲ.

‘ನೋಡ್ತೀನಿ ಅಮ್ಮಾವ್ರೆ,’ ಅಂದು ಒಳಗೆ ಹೋದ.

ಆಚಾರ್ಯರು ಆಗಲೇ ಸ್ಟೂಲಿನ ಮೇಲೆ ಕೂತಿದ್ದರು. ಮುಖದಲ್ಲಿ ಖುಷಿ ಇತ್ತು. ‘ಡಾಕ್ಟರಿಗೇ ಆಶ್ಚರ್ಯವಂತಯ್ಯ. ಮೂರು ತಿಂಗಳ ಕೆಳಗೆ ಪ್ರದಕ್ಷಿಣೆಗೆ ಗೋಡೆ ಹಿಡೀತಿದ್ದೆ. ಈಗ ನಿಂತು ಮಂಗಳಾರತಿ ಎತ್ತುತ್ತೀನಿ. ಇನ್ನು ಹತ್ತು ಸೂಜಿ ಸಾಕಂತೆ. ನೋಡು, ನಿನ್ನ ಕೋಲು ಎಲ್ಲಿ, ಬೇಗ ಮುಗಿಸು.’

ಕೋಲು ಬಾಗಿಲ ಸಂದಿಯಲ್ಲಿತ್ತು. ದಸ್ತಗೀರ ಅದಕ್ಕೆ ಕಟ್ಟಿದ ದಾರ ಬಿಚ್ಚಿ ಬರೀ ಸೈಕಲ್ ಕಡ್ಡಿಯನ್ನು ಕೈಗೆ ತೆಗೆದುಕೊಂಡ. ದಾರದ ಗಂಟು ಬಿಡಿಸಲು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು.

‘ಆಚಾರ್ರೆ, ಇವತ್ತು ತಲೆ ಇಡ್ಕೋಬೇಕು.’

‘ಇಷ್ಟು ದಿನ ಇಲ್ಲದ್ದು?’

ಇಷ್ಟು ದಿನ ಎಂದು ಶುರುವಾಗುವ ಒಂದು ವಾಕ್ಯ ಅವನ ಬಾಯಿಯವರೆಗೆ ಬಂದು ನಿಂತಿತು. ಆಚಾರ್ಯರು ಅವನ ಕೈಯ ಗಿಡ್ಡ ಕಡ್ಡಿಯನ್ನು ನೋಡಿದರು. ಆಮೇಲೆ ‘ಆಗಲಿ. ಇವಳು ಮಡಿಪಂಚೆ ಒಂದು ಜೊತೆ ತಂದಿದ್ದಾಳೆ,’ ಅಂದರು. ಬಲಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡರು. ದಸ್ತಗೀರ ಎಡಗೈಯನ್ನು ಅವರ ಹಣೆಯ ಮೇಲಿಟ್ಟ. ಹಣೆ ಬಸ್ಸಿನ ಸೆಕೆಗೆ ಬೆವರಿತ್ತು. ಒಂದು ನರ ಅವನ ಹೆಬ್ಬೆರಳ ಕೆಳಗೆ ಪುಟಪುಟ ಎನ್ನುತ್ತಿತ್ತು. ಅವರ ತೆರೆದ ಎಡಗಣ್ಣು ಅವನ ಮೂಗಿನ ತುದಿಯ ಮೇಲೆ ನಿಂತಿತು. ಅವನು ಕಡ್ಡಿಯನ್ನು ಅವರ ಕಿವಿಯ ಹಿಂದಿನಿಂದ ತಂದ. ಕಿವಿ ದಾಟಿತು. ಕೆನ್ನೆಯ ಮೂಳೆ ದಾಟಿತು. ಅಂಗೈಯ ಕೆಳಗೆ ತಲೆ ಅಭ್ಯಾಸದಿಂದ ಸಣ್ಣಗೆ ತಿರುಗಲು ನೋಡಿತು, ಹಗ್ಗ ಬಿಗಿದ ಕರುವಿನಂತೆ. ಅವನು ಬಿಡಲಿಲ್ಲ. ಮಣಿ ಈಗ ಹುಬ್ಬಿನ ಕೊನೆಗಿತ್ತು. ಬೆಳಿಗ್ಗೆಯ ಬೆಳಕಿನಲ್ಲಿ ಹಲ್ಲಿನಷ್ಟು ಬೆಳ್ಳಗಿತ್ತು.

‘ಶುರು ಮಾಡಯ್ಯ,’ ಅಂದರು ಆಚಾರ್ಯರು. ‘ಯಾಕೆ ಸುಮ್ಮನೆ ನಿಂತೆ?’

ದಸ್ತಗೀರ ಕಡ್ಡಿಯನ್ನು ಮುಂದಕ್ಕೆ ಸರಿಸಿದ. ಇನ್ನೊಂದು ಬೆರಳಗಲ ತಂದ, ಇನ್ನೊಂದು. ಮೂಗಿನ ಮಗ್ಗುಲಿಗೆ ಬಂದಾಗ ಅವರು ಬೆಚ್ಚಿದಂತೆ ಹೂಂ ಅಂದರು. ‘ಎಲ್ಲಿಂದ ಬಂತಿದು?’ ಇನ್ನೊಂದು ಕಣ್ಣೂ ಅಷ್ಟೇ. ಒಂದು ಕೊಳವೆಯೊಳಗಿನಿಂದ ನೋಡುವವರ ಲೋಕದಷ್ಟು ಉಳಿದಿತ್ತು. ದಸ್ತಗೀರ ಕೈ ತೆಗೆದ. ಅವರು ತಮ್ಮ ಹಣೆಯನ್ನು ತಾವೇ ಮುಟ್ಟಿ ನೋಡಿಕೊಂಡರು. ‘ಸರಿ ಅಂತ ಬರಿ,’ ಅಂದರು. ದನಿ ಇಳಿದಿತ್ತು. ‘ಸರಿ ಅಂತಲೇ ಬರಿಯಯ್ಯ. ನನಗೆ ಎದುರಿಗೆ ಕಂಡರೆ ಸಾಕು. ಕಾಲು ಹೋದರೆ ಗುಡಿ ಹತ್ತೋರು ಯಾರು?’

ದಸ್ತಗೀರ ಮುಂದಿನ ಕೋಣೆಗೆ ಹೋಗಿ ಡಾಕ್ಟರ ಮೇಜಿನ ಎದುರು ನಿಂತ. ಹೇಳಬೇಕಾದ್ದನ್ನು ಒಂದೇ ಉಸಿರಿಗೆ ಹೇಳಿದ. ಕಣ್ಣು ಹೋಗಿದೆ ಸಾರ್, ಎರಡು ಕಡೆಯಿಂದಲೂ. ಹತ್ತು ವಾರದಿಂದ ನಾನು ತಲೆ ಇಡೀಲಿಲ್ಲ ಸಾರ್. ದೂರ ನಿಂತ್ಕೊಂಡು ಸರಿ ಅಂತ ಬರೆದೆ. ಡಾಕ್ಟರು ಬರೆಯುತ್ತಿದ್ದ ಚೀಟಿಯನ್ನು ಪೂರ್ತಿ ಬರೆದು ಮುಗಿಸಿದರು. ಎದ್ದು ಒಳಗೆ ಹೋದರು, ತಾವೇ ತಲೆ ಹಿಡಿದು ನೋಡಿದರು, ಬಂದು ಬೋಗುಣಿಯಲ್ಲಿ ಕೈ ತೊಳೆದರು. ಬೈಯುತ್ತಾರೆಂದು ದಸ್ತಗೀರ ಕಾದಿದ್ದ. ಬೈದರೆ ಒಂದು ರೀತಿ ಲೆಕ್ಕ ಚುಕ್ತಾ ಆಗುತ್ತಿತ್ತು.

‘ನಾನೂ ನಡುವೆ ಒಂದು ಸಲ ನೋಡಬೇಕಾಗಿತ್ತು,’ ಅಂದರು ಡಾಕ್ಟರು, ಗೋಡೆಗೆ ಹೇಳುವಂತೆ. ‘ಸೂಜಿ ಇವತ್ತಿಗೆ ನಿಲ್ತು. ಹೋದ ನೋಟ ಬರೋಲ್ಲ. ಇರೋದು ಉಳಿದರೆ ಪುಣ್ಯ.’

‘ಕಾಲು, ಸಾರ್?’

‘ಬೇರೆ ಮದ್ದು ಎಲ್ಲಿದೆಯೋ? ಯುದ್ಧ ಮುಗೀಲಿ.’ ಟವಲಿನಲ್ಲಿ ಬೆರಳು ಬೆರಳನ್ನೂ ಒರೆಸಿಕೊಂಡರು. ‘ರಿಜಿಸ್ಟರಿನಲ್ಲಿ ಕಣ್ಣಿನ ದೋಷ ಇವತ್ತು ಕಂಡಿತು ಅಂತ ಬರಿ. ಹೋದ ವಾರದ ತನಕ ಸರಿ ಇತ್ತು. ಹಿಂದಿನ ಹಾಳೆಗೆ ಕೈ ಹಾಕಬೇಡ. ತಿಳೀತೇನೋ?’

ತಿಳಿಯಿತು. ಬರೆದ. ಬರೆಯುವಾಗ ಮೈಯಲ್ಲಿ ಒಂದು ಹಗುರ ಹರಡಿತು, ಭಾರದ ಮೂಟೆ ಕೆಳಗಿಟ್ಟು ಬೆನ್ನು ನೆಟ್ಟಗೆ ಮಾಡಿದಾಗ ಆಗುವಂಥದ್ದು. ನೌಕರಿ ಉಳಿಯಿತು. ಆ ಹಗುರವನ್ನು ಗುರುತಿಸಿದ ಕೂಡಲೆ ಅವನಿಗೆ ಎಲ್ಲಾದರೂ ಕೂತುಬಿಡಬೇಕೆನ್ನಿಸಿತು.

ಡಾಕ್ಟರು ಒಳಗೆ ಆಚಾರ್ಯರಿಗೆ ಏನು ಹೇಳಿದರೋ, ಅವರು ಈಚೆ ಬಂದಾಗ ಗೋದಮ್ಮ ‘ಏನಂದರು?’ ಅಂದರು.

‘ಸಾಕಂತೆ. ಇನ್ನು ಔಷಧಿ ಬೇಡವಂತೆ.’

‘ಹಾಗಾದರೆ ಕಣ್ಣು ಗುಣ ಆಯಿತೇ?’

‘ಹೂಂ,’ ಅಂದರು ಆಚಾರ್ಯರು. ಮಣಿ ಕಂಡಾಗ ಅನ್ನುತ್ತಿದ್ದ ಹೂಂ ಅಲ್ಲ, ಇನ್ನೂ ಚಿಕ್ಕದು. ಇವತ್ತು ಅವರು ಹಿತ್ತಲಿಗೆ ಹೋಗಲಿಲ್ಲ. ಹೆಂಡತಿ ಚೀಲದಿಂದ ತೆಗೆದ ಮಡಿಪಂಚೆಯನ್ನು ನೋಡಿ ‘ಇರಲಿ ಬಿಡು, ಬಸ್ಸು ಹೋಗತ್ತೆ,’ ಅಂದರು.

‘ಬಸ್ಸು ಹತ್ತಿಸಿ ಬಾ,’ ಎಂದು ಡಾಕ್ಟರು ಕಿಟಕಿಯಿಂದ ದಸ್ತಗೀರನಿಗೆ ಕೈಸನ್ನೆ ಮಾಡಿದರು. ಅವನು ಈಚೆ ಬರುವಷ್ಟರಲ್ಲಿ ಗಂಡಹೆಂಡತಿ ಬೀದಿಗೆ ಇಳಿದಿದ್ದರು. ಗೋದಮ್ಮ ಎಡಗಡೆ ಮೇಲುವಸ್ತ್ರದ ತುದಿ ಹಿಡಿದು, ಚೀಲವನ್ನು ಕಂಕುಳಲ್ಲಿ ಅವುಚಿಕೊಂಡು ನಡೆಯುತ್ತಿದ್ದರು. ಬಲಗಡೆ ಚರಂಡಿ, ಅಲ್ಲಲ್ಲಿ ಚಪ್ಪಡಿ ಇಲ್ಲ. ದಸ್ತಗೀರ ಹೋಗಿ ಆಚಾರ್ಯರ ಬಲಗಡೆಗೆ, ಅರ್ಧ ಹೆಜ್ಜೆ ಹಿಂದೆ, ಸೇರಿಕೊಂಡ. ಬೆಲ್ಲದ ಗಾಡಿಗಳು ಸಂತೆಗೆ ಹೋಗುತ್ತಿದ್ದವು, ಚಕ್ರಗಳ ಸದ್ದಿನಲ್ಲಿ ಅವನ ಚಪ್ಪಲಿಯ ಸದ್ದು ಮುಳುಗಿತ್ತು. ಆಚಾರ್ಯರ ಕಾಲುಗಳು ಚೆನ್ನಾಗಿಯೇ ಬೀಳುತ್ತಿದ್ದವು, ಒಂದರ ಮುಂದೊಂದು, ಹೊಸದಾಗಿ ಕಲಿತವರ ಜಾಗ್ರತೆಯಲ್ಲಿ. ಇನ್ನೆಷ್ಟು ದಿನವೋ ಎಂದು ಅವನು ಆ ಹೆಜ್ಜೆಗಳನ್ನೇ ನೋಡುತ್ತ ನಡೆದ.

‘ಆ ಕಾಂಪೌಂಡರು ಸಾಬಿ ಇದ್ದಾನಲ್ಲ,’ ಅಂದರು ಆಚಾರ್ಯರು, ಎದುರಿಗೆ ನೋಡುತ್ತಲೇ, ‘ಒಳ್ಳೆಯ ಮನುಷ್ಯ ಕಣೆ.’

ದಸ್ತಗೀರ ಅವರ ಮೊಣಕೈಯಿಂದ ಒಂದು ಗೇಣು ದೂರದಲ್ಲಿದ್ದ.

‘ಒಂದು ಸಲ ಹೇಳಿದೆ, ಅಷ್ಟೆ. ಇಷ್ಟು ವಾರ ನನ್ನನ್ನ ಮುಟ್ಟಲಿಲ್ಲ. ನಮ್ಮ ಜನರಲ್ಲೇ ಇನ್ನೊಬ್ಬರ ನೇಮವನ್ನ ಹಾಗೆ ಕಾಪಾಡೋರು ಕಮ್ಮಿ. ಇವತ್ತು ಪಾಪ ಡಾಕ್ಟರು ಹೇಳಿರಬೇಕು, ಕೈ ಇಟ್ಟ. ಅದೂ ಕೇಳಿಕೊಂಡೇ ಇಟ್ಟ.’

ಗೋದಮ್ಮ ಹೂಂಗುಟ್ಟಲು ಅವರ ಮುಖದ ಕಡೆ ತಿರುಗಿದರು. ಅವರಾಚೆ ದಸ್ತಗೀರನನ್ನು ಕಂಡರು. ಹೂಂ ಬಾಯಲ್ಲೇ ಉಳಿಯಿತು. ಗಂಡ ಯಾರ ವಿಷಯ ಮಾತಾಡುತ್ತಿದ್ದಾರೋ ಅವನು ಪಕ್ಕದಲ್ಲೇ ಇದ್ದಾನೆ, ಗಂಡನಿಗೆ ಅದು ಕಂಡಿಲ್ಲ. ಗುಣವಾದ ಕಣ್ಣು. ಅವರು ದಸ್ತಗೀರನ ಮುಖವನ್ನೇ ನೋಡಿದರು. ಆ ನೋಟದಲ್ಲಿ ಪ್ರಶ್ನೆ ಇತ್ತು, ಅವನು ತಲೆ ತಗ್ಗಿಸಿದ್ದರಲ್ಲಿ ಅದಕ್ಕೆ ಉತ್ತರವೂ ಸಿಕ್ಕಿತು.

ಎರಡು ಹೆಜ್ಜೆ ಮುಂದೆ ಬಂದರೆ ಸಾಕಿತ್ತು, ಅವರಿಗೆ ಕಾಣುತ್ತಿದ್ದ. ಎರಡು ಹೆಜ್ಜೆ ಹಿಂದೆ ಸರಿದರೂ ಸಾಕಿತ್ತು, ಇರಲೇ ಇಲ್ಲ ಎಂದಾಗುತ್ತಿತ್ತು. ಅಷ್ಟರಲ್ಲಿ ಚಪ್ಪಡಿ ಇಲ್ಲದ ಜಾಗ ಬಂತು. ಆಚಾರ್ಯರ ಬಲಗಾಲು ಅತ್ತ ಸರಿದು ಗಾಳಿಯ ಮೇಲೆ ಇಳಿಯಿತು. ದಸ್ತಗೀರ ಅವರ ತೋಳನ್ನು ಎರಡೂ ಕೈಯಲ್ಲಿ ಹಿಡಿದು ಒಳಕ್ಕೆ ಎಳೆದುಕೊಂಡ.

‘ಯಾರು?’

‘ನಾನು ಆಚಾರ್ರೆ. ದಸ್ತಗೀರ.’

ಆಚಾರ್ಯರು ನಿಂತರು. ತೋಳು ಅವನ ಕೈಯಲ್ಲೇ ಇತ್ತು.

‘ಎಷ್ಟು ಹೊತ್ತಿನಿಂದ ಇದ್ದೀಯ?’

‘ದವಾಖಾನೆ ತಾವ್ಲಿಂದ.’

‘ಹಾಗಾದರೆ ಕೇಳಿಸಿತು.’

‘ಕೇಳುಸ್ತು.’

‘ಕೆಟ್ಟದ್ದೇನೂ ಅನ್ನಲಿಲ್ಲವಲ್ಲಯ್ಯ.’

ಬಸ್ಸಿನ ಕಂಡಕ್ಟರು ‘ಮಳವಳ್ಳಿ, ಮಳವಳ್ಳಿ’ ಎಂದು ಕೂಗುತ್ತಿದ್ದ. ಇದ್ದಿಲ ಹೊಗೆ ಬೀದಿಯ ಈ ತುದಿಯವರೆಗೂ ಬಂದಿತ್ತು. ‘ಮುಟ್ಟಬೇಕಾಗಿತ್ತು ಆಚಾರ್ರೆ,’ ಅಂದ ದಸ್ತಗೀರ. ‘ತಲೆ ಇಡ್ಕೊಂಡ್ರೇನೇ ಅದು ಪರೀಕ್ಸೆ. ಇಡೀದೆ ಇದ್ರೆ ಏನೂ ಅಲ್ಲ. ನಾನು ಇಷ್ಟು ವಾರದಿಂದ ನಿಮ್ಮ ಕಣ್ಣು ನೋಡೇ ಇಲ್ಲ.’

ಗೋದಮ್ಮನ ಕೈಯಿಂದ ಮೇಲುವಸ್ತ್ರದ ತುದಿ ಜಾರಿತು. ಅವರು ಅದನ್ನು ಮತ್ತೆ ಹಿಡಿದುಕೊಳ್ಳಲಿಲ್ಲ. ಆಚಾರ್ಯರು ಕತ್ತು ತಿರುಗಿಸಲಿಲ್ಲ. ಎದುರಿಗೆ, ಬಸ್ಸಿನ ಕಡೆಗೇ ನೋಡುತ್ತಿದ್ದರು.

‘ಡಾಕ್ಟರಿಗೆ ಹೇಳಿದೆಯಾ?’

‘ಹೇಳ್ದೆ.’

‘ಏನಂದರು?’

‘ಇವತ್ತು ಕಾಣಿಸ್ತು ಅಂತ ಬರಿ ಅಂದ್ರು.’

‘ಬರೆದೆಯಾ?’

‘ಬರೆದೆ.’

ಆಚಾರ್ಯರು ತಲೆಯಾಡಿಸಿದರು, ಒಪ್ಪಿದ ಹಾಗೂ ಅಲ್ಲ, ಒಪ್ಪದ ಹಾಗೂ ಅಲ್ಲ. ಆಮೇಲೆ ಬಿಡಿಸಿಕೊಳ್ಳದ ತೋಳಿನೊಡನೆ ಮೊದಲ ಹೆಜ್ಜೆ ಇಟ್ಟರು, ಚರಂಡಿ ಎಷ್ಟು ದೂರವಿದೆಯೆಂದು ಕೇಳಿದರು. ದಸ್ತಗೀರ ಹೇಳಿದ.